ಮೂರನೇ ಮಹಡಿಯ ಸೀಟು ಭಾವ

ಅವನು ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸದವನು. ಊರಿನ ಅರ್ಧ ಜನರನ್ನು ಮೆತ್ತಗೆ ಕೂರಿಸಿದ ಪುಣ್ಯಾತ್ಮನಿಗೆ ಮಾವನ ಮನೆಯಲ್ಲಿ ಮಾತ್ರ ಸಿಗುತ್ತಿದ್ದದ್ದು ಬಾಗಿಲ ಪಕ್ಕದ ಮಡಿಸುವ ಕುರ್ಚಿ. ಮೆತ್ತನೆಯದು ಷಡ್ಡಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಮೀಸಲು. ಷಡ್ಡಕ ಕಟ್ಟಡಗಳ ಕಂಟ್ರಾಕ್ಟರು. ಅವನು ಬರುವುದಕ್ಕೆ ಮೊದಲು ಅವನ ಕಾರಿನ ಹಾರ್ನು, ಅದರ ಹಿಂದೆಯೇ ಅವನ ನಗು ಮನೆಯೊಳಗೆ ಬಂದು ಕೂರುತ್ತಿದ್ದವು. "ದೊಡ್ಡ ಅಳಿಯಂದಿರು ಬಂದ್ರು, ಫ್ಯಾನು ಆ ಕಡೆ ತಿರುಗಿಸ್ರೋ" ಎಂದು ಅತ್ತೆ ಕೂಗಿದರೆ ಎದ್ದು ತಿರುಗಿಸುತ್ತಿದ್ದವನೂ ನಮ್ಮವನೇ. ಬೇಸರವಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬೇಸರವನ್ನು ತೋರಿಸುವುದಕ್ಕೂ ಒಂದು ಗತ್ತು ಬೇಕು. ಅದು ಅವನ ಜಾತಕದಲ್ಲೇ ಇರಲಿಲ್ಲ.

ಹೀಗಿರುವಾಗ ಊರಿಗೆ ಮಾಲ್ ಬಂತು. ಕೆಳಗೆ ವಾಚು, ಚಪ್ಪಲಿ, ಬಟ್ಟೆ; ಮೂರನೇ ಮಹಡಿಯಲ್ಲಿ ಫುಡ್ ಕೋರ್ಟ್. ಸುತ್ತಲೂ ತಿಂಡಿ ಅಂಗಡಿಗಳು, ನಡುವೆ ಎಲ್ಲಿ ನೋಡಿದರೂ ಕೆಂಪು ಕುರ್ಚಿಗಳು. ಒಂದೇ ಮನೆಯವರು ಒಬ್ಬರು ನೂಡಲ್ಸು, ಒಬ್ಬರು ಪಿಜ್ಜಾ, ಹಲ್ಲಿಲ್ಲದವರು ಸೂಪು ಅಂತ ತಮತಮಗೆ ಬೇಕಾದ್ದು ಕೊಂಡು ಒಂದೇ ಮೇಜಿಗೆ ಕೂತು ಜಗಳವಿಲ್ಲದೆ ತಿನ್ನಬಹುದು ಎಂಬ ಸುದ್ದಿ ಊರಿಗೆಲ್ಲ ಹುಚ್ಚು ಹಿಡಿಸಿತು. ಭಾನುವಾರ ಬಂದರೆ ಅಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುತ್ತಿರಲಿಲ್ಲ. ತಿಂಡಿ ಧಾರಾಳವಾಗಿ ಸಿಗುತ್ತಿತ್ತು, ಮೇಜು ಸಿಗುತ್ತಿರಲಿಲ್ಲ.

ಅತ್ತೆಮನೆಯ ದಂಡು ಮೊದಲ ಸಲ ಅಲ್ಲಿಗೆ ಹೋದಾಗ ಷಡ್ಡಕನೇ ಸೇನಾಪತಿ. ಎಲ್ಲರೂ ತಟ್ಟೆ ಹಿಡಿದುಕೊಂಡು ಅವನ ಹಿಂದೆ ಹಿಂದೆ. ಅವನು ಒಂದೊಂದೇ ಮೇಜಿನ ಮುಂದೆ ನಿಂತು, "ನಿಮ್ದು ಇನ್ನೂ ಎಷ್ಟೊತ್ತಾಗತ್ತೆ?" ಎಂದು ಗದರಿದಂತೆ ಕೇಳುತ್ತಿದ್ದ. ಕೇಳಿಸಿಕೊಂಡವರು ಬೇಕೆಂದೇ ನಿಧಾನವಾಗಿ ಅಗಿಯತೊಡಗಿದರು. ಅತ್ತೆಯ ಸೂಪು ಆರಿತು, ನಾದಿನಿಯ ಐಸ್ ಕ್ರೀಮು ಮೊಣಕೈವರೆಗೂ ಇಳಿಯಿತು.

ನಮ್ಮವನು ಒಂದು ಕಂಬಕ್ಕೆ ಆತುಕೊಂಡು ನಿಂತಿದ್ದ. ಅವನ ಕಣ್ಣು ಕೂತವರ ತಟ್ಟೆಯ ಮೇಲಿರಲಿಲ್ಲ, ಕಾಲಿನ ಮೇಲಿತ್ತು. ಏಳುವ ಮನುಷ್ಯ ಮೊದಲು ಪಾದಗಳನ್ನು ಕುರ್ಚಿಯಡಿಗೆ ಎಳೆದುಕೊಳ್ಳುತ್ತಾನೆ, ಆಮೇಲೆ ಬೆನ್ನು ಮುಂದಕ್ಕೆ ಬರುತ್ತದೆ. ಸೋಫಾಗಳು ಎಲ್ಲಿ ಸವೆಯುತ್ತವೆ ಎಂದು ನೋಡಿ ನೋಡಿ ಅವನಿಗೆ ಇದು ರೂಢಿಯಾಗಿತ್ತು. ಇನ್ನೂ ಅರ್ಧ ಪಿಜ್ಜಾ ಉಳಿದಿದ್ದ ಒಂದು ಮೇಜಿನ ಹಿಂದೆ ಹೋಗಿ ನಿಂತ. "ಅಲ್ಯಾಕೆ ನಿಂತ್ರಿ, ಅವರಿನ್ನೂ ತಿಂತಿದಾರೆ" ಎಂದು ಹೆಂಡತಿ ಗೊಣಗುವಷ್ಟರಲ್ಲಿ ಆ ಮನೆಯವರು ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಎದ್ದೇಬಿಟ್ಟರು. ಒಂದು ಕುರ್ಚಿಯ ಮೇಲೆ ತಾನು, ಇನ್ನೊಂದರ ಮೇಲೆ ಟೋಪಿ, ಮತ್ತೊಂದರ ಮೇಲೆ ಕೊಡೆ, ಮಿಕ್ಕದ್ದರ ಮೇಲೆ ಚಾಚಿದ ಕಾಲು. ಮೇಜು ಕೈವಶ.

ಅತ್ತೆ ಉಸ್ಸೆಂದು ಕೂತು, "ಇದನ್ನ ಹಿಡಿದೋರು ಯಾರು?" ಎಂದರು.

"ನಮ್ಮ ಭಾವ. ಸೀಟು ಭಾವ" ಎಂದಳು ನಾದಿನಿ, ಮೊಣಕೈ ಒರೆಸಿಕೊಳ್ಳುತ್ತ.

ಹೆಸರು ಅಂಟಿಕೊಂಡಿತು. ಮುಂದಿನ ಭಾನುವಾರಗಳಲ್ಲಿ ಅವನಿಲ್ಲದೆ ಯಾರೂ ಮೂರನೇ ಮಹಡಿ ಹತ್ತುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರು ಏಣಿ ಕೇಳಿದಂತೆ ಅವನನ್ನು ಎರವಲು ಕೇಳತೊಡಗಿದರು: "ನಾಳೆ ನಿಮ್ಮ ಯಜಮಾನ್ರನ್ನ ಸ್ವಲ್ಪ ಕಳಿಸ್ತೀರಾ?" ಮಾವನ ಮನೆಯ ಫ್ಯಾನು ಒಂದು ದಿನ ತಾನಾಗಿಯೇ ಅವನ ಕಡೆ ತಿರುಗಿತು. "ಅಕ್ಕಂಗೆ ಹೊಟ್ಟೆ ಉರೀತಿದೆ" ಎಂದು ಹೆಂಡತಿ ರಾತ್ರಿ ಊಟಕ್ಕೆ ಒಂದು ಸೌಟು ಹೆಚ್ಚೇ ಬಡಿಸಿದಳು.

ಲೆಕ್ಕ ತಪ್ಪಿದ್ದೂ ಉಂಟು. ಒಮ್ಮೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂತಿದ್ದ ಮೇಜಿನ ಹಿಂದೆ ನಿಂತ. ಹುಡುಗಿ ಬ್ಯಾಗಿನ ಜಿಪ್ಪು ಎಳೆದಳು. ಇನ್ನೇನು ಎದ್ದಳು ಎನ್ನುವಾಗ, "ಅವತ್ತು ಫೋನ್ ಯಾಕೆ ಎತ್ತಲಿಲ್ಲ ಹೇಳು" ಎಂದು ಮತ್ತೆ ಕೂತಳು. ಹೀಗೆ ಜಿಪ್ಪು ಹಾಕುವುದು, ತೆಗೆಯುವುದು. ಅತ್ತ ಮನೆಯವರು ತಟ್ಟೆ ಹಿಡಿದು ಕಣ್ಣು ಬಿಡುತ್ತಿದ್ದಾರೆ, ಇತ್ತ ಇವನಿಗೆ ಕಥೆ ಅರ್ಧಕ್ಕೆ ಬಿಟ್ಟು ಹೋಗಲು ಮನಸ್ಸಿಲ್ಲ. ಕೊನೆಗೆ ಹುಡುಗಿ ಅತ್ತಾಗ ಇವನೇ ಕೈ ಚಾಚಿ ಟಿಶ್ಯೂ ಕೊಟ್ಟ. "ಅಂಕಲ್, ನೀವೇ ಹೇಳಿ, ತಪ್ಪು ಯಾರದು?" ಎಂದು ಹುಡುಗ ಕೇಳಿದ. "ತಪ್ಪು ನಂದಪ್ಪ, ಆ ಕಂಬದ ಹತ್ರ ನಿಲ್ಲಬೇಕಿತ್ತು" ಎಂದು ಇವನು ಜಾರಿಕೊಂಡ.

ಇನ್ನೊಮ್ಮೆ ಆ ಮಹಡಿಯ ಮ್ಯಾನೇಜರು, ಸದಾ ಟೈ ಕಟ್ಟಿಕೊಂಡಿರುತ್ತಿದ್ದ ನುಣುಪು ಮಾತಿನ ಮನುಷ್ಯ, ಅವನನ್ನು ಪಕ್ಕಕ್ಕೆ ಕರೆದ.

"ಸಾರ್, ನೀವು ನಿಂತ್ರೆ ಜನ ಬೇಗ ಏಳ್ತಾರೆ, ನಮಗೂ ಅದು ಒಳ್ಳೇದೇ. ಆದ್ರೆ ಒಂಚೂರು ದೂರ ನಿಂತ್ಕೊಳ್ಳಿ. ಮೊನ್ನೆ ಒಬ್ರಿಗೆ ಬಿಕ್ಕಳಿಕೆ ಹತ್ತಿ ನಿಲ್ಲಲೇ ಇಲ್ಲ."

ಹಾಗೆ ಕೆಲವು ವರ್ಷ ಅವನು ಆ ಮಹಡಿಯ ಅರಸನಾಗಿದ್ದ. ಆಮೇಲೆ ಗಾಳಿ ತಿರುಗಿತು. ಮೇಲಿನ ಮಹಡಿಯಲ್ಲಿದ್ದ ಸಿನಿಮಾ ಥಿಯೇಟರು ಮುಚ್ಚಿತು. ಜನ ಮನೆಯಲ್ಲೇ ಕೂತು ಫೋನು ಒತ್ತಿ ತಿಂಡಿ ತರಿಸಿಕೊಳ್ಳುವುದನ್ನು ಕಲಿತರು. ಸೂಪಿನ ಅಂಗಡಿ ಮೊದಲು ಶಟರ್ ಎಳೆಯಿತು. ಅದರ ಮೇಲೆ 'ಶೀಘ್ರದಲ್ಲೇ ಹೊಸ ರುಚಿ' ಎಂದು ಬರೆದು ಅಂಟಿಸಿದರು. ರುಚಿ ಬರಲಿಲ್ಲ, ಕಾಗದ ಹಳದಿಯಾಯಿತು. ಉಳಿದ ಅಂಗಡಿಗಳ ಮುಂದೆ ಹೆಲ್ಮೆಟ್ ಹಾಕಿದ ಡೆಲಿವರಿಯವರು ನಿಂತಿರುತ್ತಿದ್ದರು. ಅವರಿಗೆ ಕುರ್ಚಿ ಬೇಕಿರಲಿಲ್ಲ.

ಬಹಳ ದಿನಗಳ ಮೇಲೆ ಮನೆಯವರೆಲ್ಲ ಮತ್ತೆ ಹೋದಾಗ ಮಹಡಿಯಿಡೀ ಖಾಲಿ. ಸೀಟು ಭಾವ ಅಭ್ಯಾಸಬಲದಿಂದ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಅತ್ತೆ ಒಂದು ಮೇಜಿಗೆ ಕೂತು ಗಾಳಿ ಜಾಸ್ತಿ ಎಂದು ಎದ್ದರು, ಇನ್ನೊಂದಕ್ಕೆ ಕೂತು ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದರು. "ಎಲ್ಲಿ ಬೇಕಾದ್ರೂ ಕೂರಬಹುದು ಅಂದ್ರೆ ಎಲ್ಲಿ ಅಂತ ಕೂರೋದು?"

"ಅರಸ ಇದಾರೆ, ಪ್ರಜೆಗಳೇ ಇಲ್ವಲ್ಲ" ಎಂದು ಷಡ್ಡಕ ಗಹಗಹಿಸಿದ. ಆ ನಗು ಖಾಲಿ ಮಹಡಿಯಲ್ಲಿ ಸುತ್ತು ಹೊಡೆದು ಬಂತು. ಅಂದಿನಿಂದ ಮಾವನ ಮನೆಗೇ ತಿಂಡಿ ತರಿಸುವ ಪದ್ಧತಿ ಆಯಿತು, ಫ್ಯಾನೂ ತನ್ನ ಹಳೆಯ ದಿಕ್ಕು ಹಿಡಿಯಿತು.

ಅವನು ಮಾತ್ರ ಕೆಲಸ ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ಒಬ್ಬನೇ ಹೋಗಿ ಬರುತ್ತಿದ್ದ. ಒಂದು ದಿನ ಟೈ ಮ್ಯಾನೇಜರು ಕೈ ಹಿಡಿದುಕೊಂಡ.

"ಸಾರ್, ನಿಮ್ಮಿಂದ ಒಂದು ಉಪಕಾರ ಆಗಬೇಕು. ಎಸ್ಕಲೇಟರ್ ಪಕ್ಕದ ಮೇಜಲ್ಲಿ ಕೂತ್ಕೊಳ್ಳಿ, ಅಷ್ಟೇ. ಮೇಲೆ ಬಂದೋರು ಖಾಲಿ ನೋಡಿ ಹೆದರಿ ಹಾಗೇ ಇಳಿದುಬಿಡ್ತಾರೆ."

"ಇಷ್ಟು ದಿನ ಕೂತೋರನ್ನ ಎಬ್ಬಿಸಿದೆ, ಈಗ ನನ್ನೇ ಕೂತ್ಕೋ ಅಂತೀರಿ."

"ಕಾಲ ಸಾರ್."

ಬರಿಗೈಲಿ ಕೂತು ಅಭ್ಯಾಸವಿಲ್ಲದವನು ಹೊಲಿಯಲು ದಿಂಬಿನ ಗವಸುಗಳನ್ನು ತಂದ. ಮೇಲೆ ಬಂದವರು ಇದೇನಪ್ಪ ಎಂದು ನಿಂತರು, ಕೆಲವರು ಕೂತರು. ಒಬ್ಬರು ಅಜ್ಜಿ ಬಾಯಿ ಹರಿದ ಚೀಲ ತಂದು ಮುಂದಿಟ್ಟರು. ಅವರ ಹಿಂದೆ ಅವರ ಗೆಳತಿಯರು. ಒಂದಷ್ಟು ದಿನ ಆ ಮೂಲೆಯಲ್ಲಿ ನಿಜವಾಗಿಯೂ ಗದ್ದಲವಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿ ಕೆಲಸ ಮುಗಿಸಿ ನೇರ ಅಲ್ಲಿಗೇ ಬರುತ್ತಿದ್ದಳು. ಇಬ್ಬರೂ ಒಂದು ತಟ್ಟೆ ನೂಡಲ್ಸು ಹಂಚಿಕೊಳ್ಳುತ್ತಿದ್ದರು. ಮೇಜು ಕಾಯುವವನ ತಟ್ಟೆ ಯಾವಾಗಲೂ ಕಡೆಗೆ ಬರುತ್ತಿದ್ದದ್ದು. ಇಷ್ಟು ವರ್ಷ ಅವನು ಆರಿದ್ದನ್ನೇ ತಿಂದಿದ್ದ.

"ಇದು ಬಿಸಿ ಇದ್ದಾಗ ಇಷ್ಟು ಚೆನ್ನಾಗಿರತ್ತಾ?" ಎಂದ.

"ಮೆಲ್ಲಗೆ ತಿನ್ನಿ, ಯಾರೂ ಹಿಂದೆ ನಿಂತಿಲ್ಲ" ಎಂದಳು ಅವಳು.

ಆದರೆ ಅಜ್ಜಿಯರ ಚೀಲ ಹೊಲಿದರೆ ಮಾಲ್ ಉಳಿಯುತ್ತದೆಯೇ. ಮೂರನೇ ಮಹಡಿ ಮುಚ್ಚಿತು. ದೀಪಗಳು ಒಂದೊಂದು ಸಾಲಾಗಿ ಆರುವುದನ್ನು ಅವನು ಎಸ್ಕಲೇಟರಿನ ಬುಡದಲ್ಲಿ ನಿಂತು ನೋಡಿದ. ಮನೆಯ ಮುಂಭಾಗದಲ್ಲೇ ಇದ್ದ ತನ್ನ ಅಂಗಡಿಗೆ ಬಂದು ಯಾರದೋ ಸೋಫಾದ ಮೊಳೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಕಿತ್ತ.

ಆ ವಾರವೇ ಮ್ಯಾನೇಜರು ಅಂಗಡಿ ಹುಡುಕಿಕೊಂಡು ಬಂದ. ಕತ್ತಿನಲ್ಲಿ ಟೈ ಇರಲಿಲ್ಲ. ಬೇರೆ ಯಾರೋ ಬಂದಂತಿತ್ತು. ಸ್ಪಂಜಿನ ಸುರುಳಿಯ ಮೇಲೆ ಕೂತು, "ನನಗೆ ಮಾತಾಡೋದೊಂದು ಬಿಟ್ಟು ಬೇರೆ ಕೆಲಸ ಬರಲ್ಲ" ಎಂದ.

"ನನಗೆ ಅದೊಂದೇ ಬರಲ್ಲ" ಎಂದ ಇವನು. ಪಾಲುದಾರಿಕೆಯ ಮಾತುಕತೆ ಅಷ್ಟಕ್ಕೇ ಮುಗಿಯಿತು.

ಮ್ಯಾನೇಜರು ಬಟ್ಟೆಯ ಮಾದರಿಗಳನ್ನು ಹೆಗಲಿಗೇರಿಸಿ ಮನೆಮನೆ ಸುತ್ತಿದ. ಬೇಡ ಎಂದವರೂ ಅವನು ಎದ್ದು ಹೊರಡುವ ಹೊತ್ತಿಗೆ ಬಣ್ಣ ಆರಿಸುತ್ತಿದ್ದರು. ಹಲ್ಲಿನ ಆಸ್ಪತ್ರೆಯೊಂದರ ಕೆಲಸ ಬಂತು, ಅದರ ಹಿಂದೆ ಇನ್ನೂ ಕೆಲವು. ಒಂದು ಸಂಜೆ ಅವನು ಖುಷಿಯಿಂದ ಬಂದ.

"ಸಾರ್, ಇವತ್ತೊಂದು ಗಟ್ಟಿ ಕುಳ. ಕಂಟ್ರಾಕ್ಟರಂತೆ, ಏನ್ ಗಂಟಲು, ಏನ್ ಗತ್ತು. ಕಪ್ಪು ಚರ್ಮದ್ದೇ ಬೇಕು ಅಂತ ಪಟ್ಟು ಹಿಡಿದ್ರು. ನಾನು ಬಿಡ್ತೀನಾ? ಗುಲಾಬಿ ಹೂವಿನ ಬಟ್ಟೆ ಒಪ್ಪಿಸಿದೆ. ಮನೆಪೂರ್ತಿ. ಪರದೇನೂ ಅದರದ್ದೇ."

ಸೀಟು ಭಾವ ವಿಳಾಸ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಹೇಳಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದವಳು ಗೋಡೆ ಹಿಡಿದು ನೆಲಕ್ಕೇ ಕುಸಿದಳು. "ರದ್ದು ಮಾಡಬೇಡಿ ಮತ್ತೆ" ಎಂದಳು, ಉಸಿರು ಸಿಕ್ಕಿದ ಮೇಲೆ.

ಅವನು ಕತ್ತರಿ ಕೈಗೆತ್ತಿಕೊಂಡು, ಗುಲಾಬಿ ಬಟ್ಟೆಯ ಥಾನು ಬಿಚ್ಚಿದ.