ಹಿಂದಿನ ಸೀಟಿನವನ ಮೊದಲ ಗಾಡಿ

ಸಿಮೆಂಟ್ ಕಾರ್ಖಾನೆಯ ಊರು ವಾಡಿಯಲ್ಲಿ ಒಂದು ಹಳೆಯ ಮೋಟರ್‌ಸೈಕಲ್ ಮಾರಾಟಕ್ಕಿದೆ ಎಂದು ತಿಳಿದು ನೋಡಲು ಹೋಗಿದ್ದೆ. ಮಾಲೀಕ ಸೀಟಿನ ಮೇಲಿನ ಸಿಮೆಂಟ್ ದೂಳನ್ನು ಬಟ್ಟೆಯಿಂದ ಒರೆಸಿ, "ಕುಂತು ನೋಡ್ರಿ ಸರ್" ಎಂದ. ಕುಳಿತೆ. ಅವನು ಒಂದು ಗಳಿಗೆ ನನ್ನನ್ನು ನೋಡಿದ, ಆಮೇಲೆ ನನ್ನ ಜೊತೆ ಸೇಡಂನಿಂದ ಬಂದಿದ್ದ ಮೆಕ್ಯಾನಿಕ್ ಉಸ್ತಾದನ ಮುಖ ನೋಡಿದ. ನಾನು ಕುಳಿತದ್ದು ಹಿಂದಿನ ಸೀಟಿನ ಮೇಲೆ.

"ಸರ್, ಗಾಡಿ ಹೊಡಿಯೋರು ಯಾರು?" ಎಂದು ಉಸ್ತಾದ ಕೇಳಿದ.

"ನಾನೇ."

"ಹಂಗಾರ ಮುಂದ ಬರ್ರಿ."

ನಗುವವರು ನಗಲಿ. ಹನ್ನೊಂದು ವರ್ಷ ಗೆಳೆಯನ ಬೆನ್ನ ಹಿಂದೆಯೇ ಕುಳಿತವನ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ನಲವತ್ತಮೂರು ದಾಟಿದ ಮೇಲೆ ಮೊದಲ ಗಾಡಿ ಹುಡುಕಲು ಹೊರಟವನಿಗೆ ನಾಚಿಕೆ ಹೊಸದೇನಲ್ಲ.

ನನ್ನ ಮನೆ ಸೇಡಂನಲ್ಲಿ, ಶಾಲೆ ಕುರಕುಂಟಾದಲ್ಲಿ. ನನ್ನ ಗೆಳೆಯನೂ ಮಾಸ್ತರನೇ, ಅವನ ಶಾಲೆ ಅದಕ್ಕೂ ಮುಂದಿನ ಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ಮನೆ ಮುಂದೆ ಬಂದು ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ನಾನು ರೊಟ್ಟಿಯ ಕೊನೆಯ ತುತ್ತನ್ನು ಬಾಯಲ್ಲಿಟ್ಟುಕೊಂಡೇ ಓಡಿಹೋಗಿ ಹತ್ತುತ್ತಿದ್ದೆ. ಸಂಜೆ ಮತ್ತೆ ಅವನ ಬೆನ್ನ ಹಿಂದೆಯೇ ವಾಪಸ್. "ನಿಮ್ಮ ದೋಸ್ತ ಒಂದಿನ ಬರಲಿಲ್ಲಂದ್ರ ಏನು ಮಾಡ್ತೀರಿ?" ಎಂದು ಹೆಂಡತಿ ಕಾಡುತ್ತಿದ್ದಳು. "ರಜಾ ಹಾಕ್ತೀನಿ" ಎನ್ನುತ್ತಿದ್ದೆ. ಗಾಡಿ ಕಲಿಯಬೇಕೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಆ ದಾರಿಯಲ್ಲಿ ನಾವು ಆಡದ ಮಾತಿಲ್ಲ. ಅವನ ಅಣ್ಣತಮ್ಮಂದಿರ ಹೊಲದ ಜಗಳ, ನನ್ನ ಮಗಳು ಗಣಿತದಲ್ಲಿ ಫೇಲಾದದ್ದು, ನನ್ನ ಅಪ್ಪ ಕೊನೆಗಾಲದಲ್ಲಿ ನನ್ನ ಗುರುತು ಮರೆತದ್ದು. ಅವನು ರಸ್ತೆ ನೋಡುತ್ತಿದ್ದ, ನಾನು ಅವನ ಅಂಗಿಯ ಕಾಲರ್ ನೋಡುತ್ತಿದ್ದೆ. ಹೆಂಡತಿಯ ಎದುರು ಬಾಯಿಗೆ ಬಾರದ ಎಷ್ಟೋ ಮಾತನ್ನು ನಾನು ಆ ಕಾಲರಿಗೆ ಹೇಳಿದ್ದೇನೆ.

ಹೋದ ವರ್ಷ ಒಂದು ಸಂಜೆ, ಮನೆ ಮುಂದೆ ನನ್ನನ್ನು ಇಳಿಸಿದ ಮೇಲೆ ಅವನು ಇಂಜಿನ್ ಬಂದ್ ಮಾಡಲಿಲ್ಲ. "ಹೆಚ್ಚುವರಿ ಮಾಸ್ತರ ಅಂತ ನನ್ನ ಹೆಸರು ಬಂದದ. ವರ್ಗಾ ಮಾಡಿ ಚಿಂಚೋಳಿ ಕಡಿ ಒಗದಾರ" ಎಂದಷ್ಟೇ ಹೇಳಿ ಹೊರಟುಹೋದ. ನಾನು ಒಂದು ವಾರ ಇಲಾಖೆಯವರಿಗೆ ಬಾಯಿಗೆ ಬಂದಂತೆ ಬೈದೆ. ಅವನು ಬೈಯಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ, ಚಿಂಚೋಳಿ ಆಚೆಯ ಹಳ್ಳಿಯಲ್ಲಿ ಶಾಲೆಯ ಪಕ್ಕದಲ್ಲೇ ಮನೆ ಮಾಡಿದ. ತಿಂಗಳ ಮೇಲೆ ಫೋನಿನಲ್ಲಿ, "ಗಾಡಿ ಮಾರಿಬಿಟ್ಟೆ" ಎಂದ. ನನಗೆ ಸಿಟ್ಟು ಬಂತು. ಆ ಗಾಡಿಯ ಅರ್ಧ ಸೀಟು ಹನ್ನೊಂದು ವರ್ಷ ನನ್ನದಾಗಿತ್ತು. ಒಂದು ಮಾತು ಕೇಳಬಹುದಿತ್ತು.

ಆಮೇಲೆ ಬಸ್ಸಿನಲ್ಲಿ ಶಾಲೆಗೆ ಹೋಗತೊಡಗಿದೆ. ಬಸ್ಸಿಗೇನೂ ತೊಂದರೆಯಿಲ್ಲ, ತೊಂದರೆ ನನ್ನದು. ದಾರಿಯಲ್ಲಿ ಏನಾದರೂ ಕಂಡರೆ ಅವನಿಗೆ ಹೇಳಲು ಬಾಯಿ ತೆರೆಯುತ್ತಿದ್ದೆ, ಪಕ್ಕದಲ್ಲಿ ಯಾರೋ ಗೊರಕೆ ಹೊಡೆಯುತ್ತಿರುತ್ತಿದ್ದರು. ಬೆಳಿಗ್ಗೆ ರಸ್ತೆಯಲ್ಲಿ ಯಾವ ಹಾರ್ನ್ ಕೇಳಿದರೂ ಚೀಲ ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದೆ. ನನಗೆ ಅವನು ಬೇಕಾಗಿದ್ದ. ಗಂಡಸರು ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

ಒಂದು ಭಾನುವಾರ ತಡೆಯಲಾರದೆ ಬಸ್ಸು ಹಿಡಿದು ಅವನ ಊರಿಗೆ ಹೋದೆ. ಪಡಸಾಲೆಯಲ್ಲಿ ಎದುರುಬದುರು ಎರಡು ಕುರ್ಚಿ ಹಾಕಿಸಿದ.

"ಶಾಲಿ ಹ್ಯಾಂಗದ?" ಎಂದು ನಾನು ಕೇಳಿದೆ.

"ಅದ. ನಿಂದು?"

"ಅದ."

ಚಹಾ ಬಂತು, ಕುಡಿದೆವು. ಅವನು ನೆಲ ನೋಡಿದ, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹೊಟ್ಟೆ ತುಂಬ ಮಾತಿತ್ತು, ಒಂದೂ ಹೊರಗೆ ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಇಬ್ಬರಿಗೂ ಬಿಡುಗಡೆಯಾದಂತಾಯಿತು. ವಾಪಸ್ ಬರುವಾಗ ಕಿಟಕಿಗೆ ತಲೆಯಾನಿಸಿ ಯೋಚಿಸಿದೆ. ನಾವಿಬ್ಬರೂ ಮುಖ ನೋಡಿಕೊಂಡು ಮಾತಾಡಿದವರೇ ಅಲ್ಲ. ನಮ್ಮ ಮಾತಿಗೆ ಒಂದು ಗಾಡಿ ಬೇಕು, ಇಬ್ಬರ ಮುಖವೂ ಒಂದೇ ಕಡೆ ಇರಬೇಕು. ಅವನು ತನ್ನ ಗಾಡಿ ಮಾರಿದ್ದಾನೆ. ಇನ್ನು ನಾನೇ ತರಬೇಕು.

ಹೀಗೆ ನಾನು ಉಸ್ತಾದನ ಬೆನ್ನು ಹತ್ತಿದೆ. ವಾಡಿಯ ಗಾಡಿಯ ಇಂಜಿನ್ನಿನ ಸದ್ದು ಅವನಿಗೆ ಹಿಡಿಸಲಿಲ್ಲ. ಚಿತ್ತಾಪುರದಲ್ಲಿ ಕಚೇರಿಯ ಗುಮಾಸ್ತರೊಬ್ಬರ ಗಾಡಿ ಇತ್ತು. ಎತ್ತರ, ಕರಿ ಬಣ್ಣ, ಮಿರಮಿರ ಮಿಂಚುತ್ತಿತ್ತು. ಹಿಂದಿನ ಸೀಟು ಭಾರಿ ಅಗಲ. ನನ್ನ ಗೆಳೆಯ ದಪ್ಪ ಆಳು, ಆರಾಮಾಗಿ ಹಿಡಿಯುತ್ತಿದ್ದ. ನನಗೆ ಅದೇ ಮನಸ್ಸಿಗೆ ಬಂತು. ಹತ್ತಿ ಕುಳಿತರೆ ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತಿತ್ತು.

"ಇದು ಬ್ಯಾಡ ಸರ್. ಹೊಸದಾಗಿ ಕಲಿಯೋರಿಗಿ ಎರಡೂ ಪಾದ ಪೂರಾ ನೆಲಕ್ಕ ಹತ್ತಬೇಕು" ಎಂದ ಉಸ್ತಾದ.

"ಸೀಟು ಚಂದದ."

"ಸೀಟು ಗಾಡಿ ನಿಲ್ಲಸಂಗಿಲ್ರಿ, ಕಾಲು ನಿಲ್ಲಸ್ತಾವ."

ಕೊನೆಗೆ ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವವರೊಬ್ಬರ ಮನೆಯಲ್ಲಿ ನೂರು ಸಿಸಿಯ ಒಂದು ಗಾಡಿ ಸಿಕ್ಕಿತು. ತಗ್ಗಿನ ಗಾಡಿ, ಹಗುರ, ಸಂದುಸಂದಿನಲ್ಲೂ ಕಲ್ಲಿನ ಬಿಳಿ ಹಿಟ್ಟು. ಉಸ್ತಾದ ಒಂದು ಸುತ್ತು ಹೊಡೆದು ಬಂದ, ಕಿವಿಯಿಟ್ಟು ಇಂಜಿನ್ ಕೇಳಿದ, ಆಮೇಲೆ ಮಾಲೀಕರ ಅಪ್ಪಣೆ ಕೇಳಿ ಗಾಡಿಯನ್ನು ನಿಧಾನವಾಗಿ ನೆಲಕ್ಕೆ ಮಲಗಿಸಿದ.

"ಈಗ ಎತ್ರಿ."

ಹ್ಯಾಂಡಲ್ ಹಿಡಿದು, ಮೊಣಕಾಲು ಕೊಟ್ಟು, ಬೆವರು ಹರಿಸಿ ಎತ್ತಿ ನಿಲ್ಲಿಸಿದೆ.

"ಇದು ನಿಮ್ಮ ಗಾಡಿ. ಮೊದಲನೇ ಗಾಡಿ ಬೀಳೋದೇ. ಬಿದ್ದದ್ದು ನಮ್ಮ ಕೈಲೇ ಏಳಬೇಕು, ಅಷ್ಟೇ."

"ಹಿಂದ ಒಬ್ಬ ದಪ್ಪ ಮನುಷ್ಯಾ ಕುಂತ್ರ ಎಳೀತದೇನು?"

"ಎಳೀತದ. ಆದ್ರ ಮೊದಲ ನೀವೊಬ್ಬರೇ ಹೊಡೀರಿ. ಕೈ ಕುಂದ್ರಲಿ. ಅಲ್ಲೀತನಕ ಯಾರನ್ನೂ ಹತ್ತಿಸಬ್ಯಾಡ್ರಿ" ಎಂದ. ಆ ಮಾತು ನನಗೆ ರುಚಿಸಲಿಲ್ಲ, ಆದರೂ ತಲೆಯಾಡಿಸಿದೆ.

ಕಲಿತೆ. ಶಾಲೆಯ ಮೈದಾನದಲ್ಲಿ ಬಿದ್ದೆ, ಎದ್ದೆ, ಕ್ಲಚ್ ಬಿಡುವಾಗ ಗಾಡಿ ಕುಪ್ಪಳಿಸಿ ಸಾಯುತ್ತಿತ್ತು. ಗೆಳೆಯನಿಗೆ ಮಾತ್ರ ಸುದ್ದಿ ಕೊಡಲಿಲ್ಲ. ಲೈಸೆನ್ಸ್ ಕೈಗೆ ಬಂದು, ಒಬ್ಬನೇ ಸಾಕಷ್ಟು ತಿರುಗಿ, ಉಸ್ತಾದ ಹೂಂ ಅಂದ ಮೇಲೆ ಒಂದು ಭಾನುವಾರ ಚಿಂಚೋಳಿ ರಸ್ತೆ ಹಿಡಿದೆ. ಎದುರಿಗೆ ಲಾರಿ ಬಂದಾಗಲೆಲ್ಲ ಮಣ್ಣಿಗೆ ಇಳಿದು ನಿಂತು, ಅದು ಹೋದ ಮೇಲೆ ಮುಂದೆ ಸಾಗಿದೆ. ಅವನ ಮನೆ ಮುಂದೆ ಎರಡು ಸಲ ಹಾರ್ನ್ ಹೊಡೆದೆ.

ಹೊರಗೆ ಬಂದು ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಯಾರು ಹೊಡಕೊಂಡು ಬಂದ್ರು?"

"ಯಾರು ಅಂದ್ರ? ನಾನೇ. ಹತ್ತು."

ಅವನು ಹಿಂದೆ ಹತ್ತಿದ. ಗಾಡಿ ಒಂದು ಗೇಣು ಕುಸಿಯಿತು. ಊರು ದಾಟಿ ತೊಗರಿ ಹೊಲಗಳ ನಡುವಿನ ರಸ್ತೆಗೆ ಬಂದೆವು. ಮಾತಾಡಬೇಕೆಂದೇ ಅಷ್ಟು ದೂರ ಬಂದವನಿಗೆ ಮಾತೇ ಬರಲಿಲ್ಲ. ಜೀವವೆಲ್ಲ ಬ್ರೇಕಿನ ಮೇಲೆ, ಗುಂಡಿಗಳ ಮೇಲೆ. ಹನ್ನೊಂದು ವರ್ಷ ಇದನ್ನೆಲ್ಲ ನೋಡಿಕೊಂಡು ಇವನು ಅದು ಹೇಗೆ ನನ್ನ ಜೊತೆ ಹರಟುತ್ತಿದ್ದ ಎಂದು ಅವತ್ತೇ ಮೊದಲ ಸಲ ಯೋಚಿಸಿದೆ.

ಹಿಂದಿನಿಂದ ಅವನ ದನಿ ಬಂತು. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನನ್ನ ಯಾರೂ ಒಗದಿಲ್ಲ. ಇಲ್ಲಿಗಿ ವರ್ಗಾ ಬೇಕಂತ ನಾನೇ ಬರದುಕೊಟ್ಟು ಬಂದೀನಿ."

ನಾನು ಗೇರ್ ಇಳಿಸಿದೆ.

"ಸಕ್ಕರಿ ಬ್ಯಾನಿಗಿ ಎಡಗಣ್ಣು ಮಬ್ಬಾಗ್ಯಾದ. ಡಾಕ್ಟರು ಗಾಡಿ ಬಿಡು ಅಂದಿದ್ರು. ಬಿಡಲಿಲ್ಲ. ಒಂದಿನ ಫರ್ಸಿ ಲಾರಿ ಬಾಜೂಕ ಬಂದದ್ದು ನನಗ ಕಾಣಲೇ ಇಲ್ಲ. ಸ್ವಲ್ಪದಾಗ ಉಳದೀವಿ. ನಿನಗ ಗೊತ್ತೇ ಆಗಲಿಲ್ಲ, ನೀ ಹಿಂದ ಕುಂತು ನಗಲಿಕತ್ತಿದ್ದಿ. ಅವತ್ತು ಮನಿಗಿ ಹೋಗಿ ಉಣ್ಣಲಿಲ್ಲ ನಾನು. ಶಾಲಿ ಬಾಜೂಕೇ ಮನಿ ಸಿಗೋ ಊರು ನೋಡಿ ಬರದುಕೊಟ್ಟೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿ ಏನು ಮಾಡಲಿ? ನಮ್ಮಿಬ್ಬರೊಳಗ ಗಾಡಿ ಹೊಡಿಯಾಂವ ನಾನು."

ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಎರಡೂ ಪಾದ ನೆಲಕ್ಕೂರಿದೆ. ತಿರುಗಿ ನೋಡಲಿಲ್ಲ, ನೋಡಿದರೆ ಇಬ್ಬರೂ ಸುಮ್ಮನಾಗಿಬಿಡುತ್ತೇವೆಂದು ಗೊತ್ತಿತ್ತು.

"ಹೇಳಿದ್ರ ನಾನು ಕಲೀತಿದ್ದೆ. ಹಿಂದ ನಿನ್ನ ಕುಂದ್ರಿಸಿಕೊಂಡು ಹೋಗ್ತಿದ್ದೆ" ಎಂದೆ.

ಅವನು ಹಿಂದಿನಿಂದಲೇ ಕೇಳಿದ, "ಕಲೀಲಿಕ್ಕಿ ಎಷ್ಟು ದಿನ ಹಿಡೀತು?"

ಸುಳ್ಳು ಹೇಳಬಹುದಿತ್ತು. ಆರು ತಿಂಗಳು ಅಂದಿದ್ದರೆ ಅವನಿಗೂ ಸಮಾಧಾನ, ನನಗೂ ಸಮಾಧಾನ.

"ಹನ್ನೆರಡು ದಿನ" ಎಂದೆ.