ಮೂರನೆಯ ಸೀಟಿನ ಕರ್ಚೀಫು

ಸತ್ತವರು ಬಂದರು, ಕರೆದರು, ಕುರ್ಚಿ ಅಲ್ಲಾಡಿತು ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಆದರೆ ಓದಿ ಮುಗಿಸಿ "ಪಾಪ, ಮನಸ್ಸಿಗೆ ತುಂಬಾ ಹಚ್ಚಿಕೊಂಡಿದ್ದಾಳೆ" ಅಂತ ಮಾತ್ರ ಹೇಳಬೇಡಿ. ಆ ಮಾತು ಕೇಳಿ ಕೇಳಿ ರೇಗಿಹೋಗಿದೆ.

ನಾವು ತುಮಕೂರಿನ ಕಡೆಯವರು. ಯಜಮಾನರಿಗೆ ಕೇಂದ್ರ ಸರ್ಕಾರದ ಕೆಲಸ. ಅಹಮದಾಬಾದಿಗೆ ವರ್ಗವಾಗಿ, ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ವರ್ಷಗಟ್ಟಲೆ ಇದ್ದೆವು. ಊರು ಬಿಟ್ಟರೂ ಅವರು ಒಂದು ಅಭ್ಯಾಸ ಬಿಡಲಿಲ್ಲ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುತ್ತಾರಲ್ಲ, ಅದು. ನಂಬರು ಇರುವ ಸಿನಿಮಾ ಸೀಟಿಗೂ ಕರ್ಚೀಫು! ಓಡಿಹೋಗಿ ಹಾಕುವುದು, ಆಮೇಲೆ ಪಾಪ್‌ಕಾರ್ನ್ ತರುತ್ತೇನೆಂದು ಮಾಯವಾಗುವುದು. ಮಗಳು ಸಿಂಚನಾ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆ ನೀಲಿ ಚೌಕಳಿಯ ಕರ್ಚೀಫಿನ ಮೂಲೆಯಲ್ಲಿ ಸದಾ ಒಂದು ಗಂಟು. ಏನನ್ನೋ ಮರೆಯಬಾರದೆಂದು ಹಾಕಿಕೊಳ್ಳುವರು, ಯಾಕೆ ಹಾಕಿದೆನೆಂದೇ ಮರೆಯುವರು.

ಅಪ್ಪ ಮಗಳಿಗೆ ಸೂಪರ್‌ಹೀರೋ ಸಿನಿಮಾದ ಹುಚ್ಚು. ಇಬ್ಬರೂ ಕೊನೆಯದಾಗಿ ನೋಡಿದ್ದರಲ್ಲಿ ನಾಯಕ ಸಮುದ್ರಕ್ಕೆ ಬಿದ್ದ. ಸತ್ತನೋ ಬದುಕಿದನೋ ಹೇಳದೆ ಮುಗಿಸಿಬಿಟ್ಟಿದ್ದರು. ಎರಡನೇ ಭಾಗವನ್ನು ಒಟ್ಟಿಗೇ ನೋಡಬೇಕೆಂದು ಅಪ್ಪ ಮಗಳು ಕೈ ಮೇಲೆ ಕೈ ಹಾಕಿ ಆಣೆ ಮಾಡಿಕೊಂಡರು.

ಅದು ಬರುವ ಮೊದಲೇ ಇವರು ಹೋದರು. ಎದೆನೋವು ಅಂತ ಆಸ್ಪತ್ರೆಗೆ ಸೇರಿಸಿದ್ದೆ. ಸಿಂಚನಾ ವಡೋದರಾದ ಹಾಸ್ಟೆಲಿನಲ್ಲಿದ್ದಳು, ಮರುದಿನ ಅವಳ ಪರೀಕ್ಷೆ. "ಗ್ಯಾಸ್ಟ್ರಿಕ್ ಅಷ್ಟೇ ಕಣೇ, ಪರೀಕ್ಷೆ ಮುಗಿಸಿ ಬಾ" ಎಂದು ಫೋನಿನಲ್ಲಿ ಸುಳ್ಳು ಹೇಳಿದೆ. ಎರಡು ಗಂಟೆಯ ದಾರಿ. ಅವಳು ಪರೀಕ್ಷೆ ಬರೆದು ಬಂದಾಗ ಎಲ್ಲ ಮುಗಿದಿತ್ತು. ಆಮೇಲೆ ಒಂದು ವರ್ಷ ನನ್ನ ಹತ್ತಿರ "ಹೂಂ", "ಊಹೂಂ" ಬಿಟ್ಟು ಮಾತಿಲ್ಲ.

ಎರಡನೇ ಭಾಗ ಬಂತು. ಶನಿವಾರ ಮ್ಯಾಟಿನಿ ಅಂತ ಮೆಸೇಜು ಕಳಿಸಿದಳು, ಜೊತೆಗೆ ಮೂರು ಟಿಕೆಟ್. ನನಗೆ ಪಿತ್ತ ನೆತ್ತಿಗೇರಿತು. ನನ್ನನ್ನು ಚುಚ್ಚಲಿಕ್ಕೇ ಮೂರು ತೆಗೆದಿದ್ದಾಳೆ ಎಂದುಕೊಂಡೆ. ಆದರೂ ಹೋದೆ. ಹೋಗದಿದ್ದರೆ ಆ ಹೂಂ, ಊಹೂಂ ಕೂಡ ನಿಂತುಹೋಗುತ್ತಿತ್ತು.

ನಮ್ಮಿಬ್ಬರ ನಡುವಿನ ಸೀಟು ಖಾಲಿ. ಪರದೆಯ ಮೇಲೆ ಕಟ್ಟಡಗಳು ಉರುಳುತ್ತಿದ್ದವು, ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಇಂಟರ್ವಲ್ಲಿನಲ್ಲಿ ಇಬ್ಬರೂ ಒಟ್ಟಿಗೆ ಹೊರಗೆ ಹೋಗಿ, ಟೀ ಕುಡಿದು, ಒಟ್ಟಿಗೇ ಒಳಗೆ ಬಂದೆವು. ಅಷ್ಟು ಹೊತ್ತೂ ಅವಳು ನನ್ನ ಕಣ್ಣೆದುರೇ ಇದ್ದಳು. ಬಂದು ನೋಡಿದರೆ ನಡುವಿನ ಸೀಟಿನ ಮೇಲೆ ನೀಲಿ ಚೌಕಳಿಯ ಕರ್ಚೀಫು. ಮೂಲೆಯಲ್ಲಿ ಗಂಟು.

"ಏನೇ ಇದು? ನನ್ನನ್ನು ಸಾಯಿಸಬೇಕು ಅಂತಲೇ ಕರ್ಕೊಂಡು ಬಂದ್ಯಾ?" ಎಂದು ಕೂಗಿಬಿಟ್ಟೆ. ಹಿಂದಿನವರು "ಬೇಸೀ ಜಾವ್ ಬೆನ್" ಎಂದು ಕೂರಲು ಗದರಿದರು.

ಸಿಂಚನಾಳ ಮುಖ ಬಿಳಿಚಿಕೊಂಡಿತ್ತು. "ನಾನಲ್ಲ ಅಮ್ಮ. ನೀನೇ ಇಟ್ಟೆ ಅಂದ್ಕೊಂಡೆ."

ನಾನೆಲ್ಲಿಂದ ಇಡಲಿ? ಇವರ ಬಟ್ಟೆಯೆಲ್ಲ ಹದಿಮೂರನೇ ದಿನವೇ ಕೊಟ್ಟುಬಿಟ್ಟಿದ್ದೆ. ಟಾರ್ಚು ಹಿಡಿದು ನಿಂತಿದ್ದ ಥಿಯೇಟರಿನವರ ಜೊತೆ ಜಗಳಕ್ಕೇ ನಿಂತೆ. ನಂಬರಿರುವ ಸೀಟಿಗೆ ಬಟ್ಟೆ ಯಾಕೆ ಹಾಕುತ್ತಾರೆ ಮೇಡಂ ಅಂತ ಅವರು ಹಿಂದಿಯಲ್ಲಿ ನನ್ನನ್ನೇ ಕೇಳಿದರು.

ದೀಪ ಆರಿತು. ಸಿಂಚನಾ ಆ ಕರ್ಚೀಫಿನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿಗೆ ನಾನೂ ಇಟ್ಟೆ. "ಅವತ್ತು ಯಾಕಮ್ಮ ನಂಗೆ ನಿಜ ಹೇಳ್ಲಿಲ್ಲ?" ಎಂದು ಬಿಕ್ಕಿದಳು. "ತಪ್ಪಾಯ್ತು ಕಣೇ" ಎಂದೆ. ಒಂದು ವರ್ಷದಿಂದ ಗಂಟಲಲ್ಲೇ ಇದ್ದ ಮಾತು ಅದು.

ಹೀಗೆ ಕರ್ಚೀಫು ಹಾಕುವ ನಮ್ಮ ಕಡೆಯವರು ಬೇರೆ ಯಾರಾದರೂ ಇರಬಹುದೆಂದು, ಸಿನಿಮಾ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಗುಜರಾತಿ, ಹಿಂದಿ, ಇಂಗ್ಲಿಷು. ಒಂದೇ ಒಂದು ಕನ್ನಡದ ಮಾತು ಕೇಳಲಿಲ್ಲ.

ಕರ್ಚೀಫು ಈಗ ನನ್ನ ಬೀರುವಿನಲ್ಲಿದೆ, ಗಂಟು ಬಿಚ್ಚಿಲ್ಲ. ಯಾರೋ ಬೀಳಿಸಿಕೊಂಡು ಹೋದದ್ದು ಎನ್ನುತ್ತಾನೆ ನನ್ನ ತಮ್ಮ. ಅಪ್ಪನೇ ಬಂದಿದ್ದರು ಎನ್ನುತ್ತಾಳೆ ಮಗಳು. ನನಗೆ ಎರಡನ್ನೂ ನಂಬಲಾಗುತ್ತಿಲ್ಲ. ಬಂದದ್ದೇ ನಿಜವಾದರೆ ನನಗೆ ಸಿಟ್ಟು ಇನ್ನೂ ಜಾಸ್ತಿ. ವರ್ಷವಿಡೀ ನನ್ನ ಕನಸಿಗೂ ಬರದ ಮನುಷ್ಯ ಸಿನಿಮಾಕ್ಕೆ ಬರುವುದೇ? ಹೋಗಲಿ, ಸೀಟು ಹಿಡಿದ ಮೇಲೆ ಬಂದು ಕೂರಬೇಡವೇ? ಕೊನೆಯವರೆಗೂ ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದೆನಲ್ಲ ರೀ, ಇದ್ಯಾವ ನ್ಯಾಯ?