ಒಳಗೆ ಬಿಟ್ಟ ಎರಡಿಂಚು ಬಟ್ಟೆ

ನನ್ನ ರೋಗವನ್ನು ಮೊದಲು ಕಂಡದ್ದು ಡಾಕ್ಟರಲ್ಲ, ನನ್ನ ಚೂಡಿದಾರ. ಅದು ಹೇಳಿದ್ದನ್ನು ಕೇಳಿಸಿಕೊಳ್ಳದೆ ಬಾಯಿ ಮುಚ್ಚಿಸಿದವಳು ನಾನೇ.

ಹೊಸಂಗಡಿಯಲ್ಲಿ ನನ್ನದೊಂದು ಟೈಲರ್ ಅಂಗಡಿ ಉಂಟು. ಇಪ್ಪತ್ತಾರು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಬದಿಯ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಡುವುದು ನಮ್ಮ ಕ್ರಮ. ಹಾಕುವವಳು ನಾಳೆ ದಪ್ಪ ಆದರೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ. ಕಳೆದ ವರ್ಷ ಮಳೆ ಶುರುವಾಗುವ ಮೊದಲು ನನ್ನ ಟಾಪು ಹೊಟ್ಟೆಯ ಹತ್ತಿರ ಬಿಗಿಯಾಯಿತು. ಬಿಚ್ಚಿದೆ. ಅರ್ಧ ಇಂಚು ಹೊರಗೆ ಹೊಸ ಹೊಲಿಗೆ ಹೊಡೆದೆ. ಸ್ವಲ್ಪ ದಿನದಲ್ಲಿ ಮತ್ತೆ ಬಿಗಿ. ಮತ್ತೆ ಬಿಚ್ಚಿದೆ. ನಾಲ್ಕು ತುತ್ತು ಉಣ್ಣುವಾಗ ಹೊಟ್ಟೆ ತುಂಬುತ್ತಿತ್ತು. ಗ್ಯಾಸ್ ಅಂತ ಜೀರಿಗೆ ನೀರು ಕುಡಿದೆ. ತೋಳು ಸಪೂರ ಆಗಿತ್ತು, ಹೊಟ್ಟೆ ಮಾತ್ರ ದೊಡ್ಡದು. ಬೇರೆ ಹೆಂಗಸು ಯಾರಾದರೂ ಆ ಅಳತೆ ಹೊತ್ತು ನನ್ನ ಅಂಗಡಿಗೆ ಬಂದಿದ್ದರೆ, "ಎಂತ ಮಾರಾಯ್ತಿ ಇದು, ಒಮ್ಮೆ ಡಾಕ್ಟರಿಗೆ ತೋರಿಸು" ಅಂತ ಖಂಡಿತ ಹೇಳುತ್ತಿದ್ದೆ. ಅಳತೆ ನನ್ನದಾದ್ದರಿಂದ ಸುಮ್ಮನೆ ದಾರ ಕತ್ತರಿಸಿದೆ. ಇಂಥ ಪೆದ್ದುತನ ಟೈಲರಿಗೆ ಮಾತ್ರ ಸಾಧ್ಯ. ಉಳಿದವರು ಹಾಕಲಿಕ್ಕೆ ಬಟ್ಟೆ ಇಲ್ಲದೆ ಆದರೂ ಆಸ್ಪತ್ರೆಗೆ ಹೋಗುತ್ತಿದ್ದರು.

ಐದನೇ ಸಲ ಬಿಚ್ಚಲಿಕ್ಕೆ ಒಳಗೆ ಬಟ್ಟೆ ಉಳಿದಿರಲಿಲ್ಲ.

ಆಗ ಹೋದೆ. ಮಂಗಳೂರಿನ ಆಸ್ಪತ್ರೆ. ಸ್ಕ್ಯಾನಿನಲ್ಲಿ ಹೊಟ್ಟೆ ತುಂಬ ನೀರು, ಓವರಿಯಲ್ಲಿ ಗಡ್ಡೆ. ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು, ಮಾತು ಕಡಿಮೆ. "ಟ್ಯೂಮರ್ ಮಾರ್ಕರ್ ಅಂತ ಒಂದು ಬ್ಲಡ್ ಟೆಸ್ಟ್ ಉಂಟಮ್ಮ. ಸಿಎ 125. ಸಾಧಾರಣ ಮೂವತ್ತೈದರ ಒಳಗೆ ಇರ್ತದೆ" ಅಂದರು. ನನ್ನದು ಎಂಟುನೂರ ಹನ್ನೆರಡು.

ಕ್ಯಾನ್ಸರ್. ಸ್ಟೇಜ್ ತ್ರೀ.

ಮೂರು ಕೀಮೋ, ಮತ್ತೆ ಸರ್ಜರಿ, ಮತ್ತೆ ಮೂರು ಕೀಮೋ. ತಲೆಕೂದಲು ಹೋಯಿತು. ಬಾಯಿಯೆಲ್ಲ ಹುಣ್ಣು. ಬೆರಳ ತುದಿ ಜೋಮು ಹಿಡಿದು ಸೂಜಿಗೆ ದಾರ ಪೋಣಿಸಲಿಕ್ಕೆ ಆಗುತ್ತಿರಲಿಲ್ಲ. ನನಗೆ ಅಳು ಬಂದದ್ದು ಕೂದಲಿಗಲ್ಲ, ಆ ಸೂಜಿಗೆ.

ಇದನ್ನೆಲ್ಲ ಕೇಳುವವರು ಯಾರೂ ಇರಲಿಲ್ಲ. ಎಲ್ಲರಿಗೂ ಬೇಕಾದದ್ದು ನಂಬರು. ರಕ್ತ ಕೊಟ್ಟವಳು ನಾನು, ಹತ್ತನೇ ಕ್ಲಾಸಿನ ರಿಸಲ್ಟಿಗೆ ಕಾದ ಹಾಗೆ ಕಾಯುವವರು ಕುಟುಂಬದವರು. ಅದರಲ್ಲಿ ಮುಂದೆ ನಿಂತವರು ನನ್ನ ಅತ್ತಿಗೆ, ಗಂಡನ ಅಕ್ಕ, ಅಡೂರಿನವರು. ಫೋನು ಎತ್ತಿದ ಕೂಡಲೇ "ಎಷ್ಟು ಬಂತು?" ಎಂಟುನೂರು ಇದ್ದದ್ದು ಇನ್ನೂರಾಯಿತು, ಅರುವತ್ತಾಯಿತು, ಕೊನೆಗೆ ಹನ್ನೆರಡು. ಇಳಿದಾಗೆಲ್ಲ ಅವರ ಹರಕೆಯಿಂದ ಇಳಿಯಿತಂತೆ. ವಾಂತಿ ಮಾಡಿ ಮಾಡಿ ನೆಲದಲ್ಲಿ ಬಿದ್ದುಕೊಂಡವಳು ಹಾಗಾದರೆ ಯಾರು ಅಂತ ನಾನು ಕೇಳಲಿಲ್ಲ. ಬಾಯಲ್ಲಿ ಹುಣ್ಣಿತ್ತಲ್ಲ.

ಡಾಕ್ಟರು ಮಾತ್ರ ಆ ನಂಬರನ್ನು ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲ. "ಬೇಗ ಇಳಿದದ್ದು ಒಳ್ಳೇದೇ. ಆದ್ರೆ ಅದು ನಿಮ್ಮ ಜಾತಕ ಅಲ್ಲ" ಅಂದರು. ನನ್ನ ಗಂಡನಿಗೆ ಇನ್ನೊಂದು ಮಾತು ಹೇಳಿದರು. "ಯಾವಾಗ್ಲೂ ಇದೇ ಲ್ಯಾಬಿನಲ್ಲಿ ಮಾಡಿಸಿ." ಅವರು ಹೂಂ ಅಂತ ತಲೆ ಆಡಿಸಿದರು. ರಿಕ್ಷಾ ಓಡಿಸುವ ಜನ, ಯಾರು ಎಂತ ಹೇಳಿದರೂ ತಲೆ ಆಡಿಸಿ ಅಭ್ಯಾಸ.

ಕೀಮೋ ಮುಗಿದು ಆರು ತಿಂಗಳಿಗೆ ಚೆಕಪ್ ಇತ್ತು. ಮಂಗಳೂರಿಗೆ ಎರಡೆರಡು ಸಲ ಹೋಗುವ ರಗಳೆ ಯಾಕೆ, ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗುವ ಅಂತ ಗಂಡ ನನ್ನನ್ನು ಇಲ್ಲೇ ಹತ್ತಿರದ ಒಂದು ಲ್ಯಾಬಿಗೆ ಕರೆದುಕೊಂಡು ಹೋದರು. ಡಾಕ್ಟರ ಮಾತು ಅವರಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ. ಸಂಜೆ ರಿಪೋರ್ಟ್ ತಂದು ಮೇಜಿನ ಮೇಲೆ ಇಟ್ಟರು. ನಂಬರು ದಪ್ಪ ಅಕ್ಷರದಲ್ಲಿತ್ತು, ಮಿತಿ ದಾಟಿದರೆ ಹಾಗಂತೆ.

ನಲ್ವತ್ತೊಂದು.

ಡಾಕ್ಟರ ಅಪಾಯಿಂಟ್‌ಮೆಂಟಿಗೆ ಮೂರು ದಿನ ಬಾಕಿ ಇತ್ತು. ಗಂಡನ ಬಾಯಿ ಮೂರು ನಿಮಿಷ ಸುಮ್ಮನಿರಲಿಲ್ಲ. ಅಕ್ಕನಿಗೆ ಫೋನು ಹೋಯಿತು. ಮರುದಿನ ಬೆಳಿಗ್ಗಿನ ಬಸ್ಸಿಗೆ ಅತ್ತಿಗೆ ಬಂದಿಳಿದರು, ಕೈಯಲ್ಲಿ ಒಂದು ಹುಡುಗನ ಫೋಟೋ.

ನಮಗೆ ಒಬ್ಬಳೇ ಮಗಳು, ನಿಶ್ಮಿತಾ. ನರ್ಸಿಂಗ್ ಕೊನೆಯ ವರ್ಷ, ಪರೀಕ್ಷೆಗೆ ಎಂಟು ತಿಂಗಳು ಉಂಟು. ಹುಡುಗ ಕತಾರಿನಲ್ಲಿ. ರಜೆ ಮುಗಿಯುವುದರೊಳಗೆ ಮದುವೆ ಆಗಬೇಕು, ಆಮೇಲೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾನಂತೆ. ಓದು ಅಲ್ಲಿಗೆ ಮುಗಿಯಿತು.

"ವಾರಿಜಾ, ಮಗಳ ಮದುವೆ ನೀನು ಕಣ್ಣಾರೆ ನೋಡ್ಬೇಡ್ವಾ?" ಅಂದರು ಅತ್ತಿಗೆ. "ನಂಬರ್ ಏರ್ಲಿಕ್ಕೆ ಶುರುವಾದ್ರೆ ಮತ್ತೆ ನಿಲ್ಲುದಿಲ್ಲ ಅಂತೆ. ನಾನು ನಿನ್ನೆ ರಾತ್ರಿಯೇ ಜೋಯಿಸರ ಹತ್ರ ಕವಡೆ ಹಾಕಿಸಿ ಪ್ರಶ್ನೆಯೂ ಇಡಿಸಿದೆ. ಮುಂದಿನ ಮಳೆಗಾಲ ನಿನಗೆ ಕಷ್ಟ ಅಂತ ಕಂಡಿದೆ."

"ಜೋಯಿಸರಿಗೆ ಸಿಎ 125 ಗೊತ್ತುಂಟಾ?"

"ನಿನಗೆ ಎಲ್ಲ ತಮಾಷೆ."

ತಮಾಷೆ ಅಲ್ಲ, ಹೇಸಿಗೆ. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದೆ, ಅವರು ನಾನಿಲ್ಲದ ಮನೆಯ ವ್ಯವಸ್ಥೆ ಮಾತಾಡುತ್ತಿದ್ದರು. ಕವಡೆ ಎಣಿಸುವವನಿಗೂ ನಂಬರು ಹಿಡಿದು ಓಡುವವರಿಗೂ ಎಂತ ವ್ಯತ್ಯಾಸ ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ. ಕವಡೆಯವನಾದರೂ ಎದುರು ಕೂರಿಸಿ ಹೆಸರು, ನಕ್ಷತ್ರ ಕೇಳುತ್ತಾನೆ.

ಅತ್ತಿಗೆಯನ್ನು ನಾನು ಗಣ್ಯ ಮಾಡಿದವಳಲ್ಲ. ಆದರೆ ಅವರು ಫೋನು ಮಾಡಿದ್ದಕ್ಕೆ ಮರುದಿನ ಮಗಳು ಹಾಸ್ಟೆಲಿನಿಂದ ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು.

"ಅಮ್ಮ, ನಾನು ಮದುವೆಗೆ ಒಪ್ತೇನೆ."

"ಯಾಕೆ?"

"ನೀನು ಇರುವಾಗಲೇ ಆಗ್ಲಿ."

ನಾನು ಇರುವಾಗಲೇ.

ಆ ಮಾತು ಎಂಟುನೂರ ಹನ್ನೆರಡಕ್ಕಿಂತ ದೊಡ್ಡ ಪೆಟ್ಟು. ನರ್ಸಿಂಗ್ ಓದುವವಳು, ಇವಳಿಗಾದರೂ ಬುದ್ಧಿ ಇರಬೇಕಿತ್ತು. ಕೇಳಿದರೆ ಫೋನು ತೋರಿಸಿದಳು. ಯಾವುದೋ ವೆಬ್‌ಸೈಟಿನಲ್ಲಿ ನನ್ನ ವಯಸ್ಸು, ಸ್ಟೇಜು, ನಂಬರು ಎಲ್ಲ ತುಂಬಿಸಿದ್ದಾಳೆ. ಬದುಕುವ ಸಾಧ್ಯತೆ ಇಷ್ಟು ಪರ್ಸೆಂಟ್ ಅಂತ ಅದು ಕೊಟ್ಟಿದೆ. ಎಷ್ಟು ಅಂತ ನಾನಿಲ್ಲಿ ಬರೆಯುವುದಿಲ್ಲ, ಆ ಮರ್ಯಾದೆ ಅದಕ್ಕೆ ಬೇಡ.

"ಆ ಪರ್ಸೆಂಟಿನಲ್ಲಿ ನಾನು ಬದುಕಿದವರ ಪೈಕಿಯೋ ಸತ್ತವರ ಪೈಕಿಯೋ ಅಂತ ಹೇಳಿತಾ?" ಅಂತ ಕೇಳಿದೆ.

ಅವಳು ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ನಾನು ಸತ್ತರೆ ಇವಳ ಕೈಯಲ್ಲಿ ಒಂದು ಕೆಲಸ ಇರಲಿ ಅಂತಲೇ ಅಲ್ಲವಾ ಇಷ್ಟು ವರ್ಷ ಮೆಷಿನ್ ತುಳಿದದ್ದು. ಈಗ ನಾನು ಸಾಯುತ್ತೇನೆ ಅಂತಲೇ ಅದನ್ನು ಬಿಡುತ್ತಾಳಂತೆ. ಡಾಕ್ಟರನ್ನು ಕಾಣುವವರೆಗೆ ಯಾರಿಗೂ ಯಾವ ಉತ್ತರವನ್ನೂ ಕೊಡಬಾರದು ಅಂತ ಅವಳಿಂದ ಮಾತು ತೆಗೆದುಕೊಂಡೆ.

ಡಾಕ್ಟರು ರಿಪೋರ್ಟ್ ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಮೇಲಿನ ಹೆಸರನ್ನು.

"ಇದು ನಮ್ಮ ಲ್ಯಾಬಿನದ್ದಲ್ಲ. ನಾನು ಹೇಳಿದ್ದೆ ಅಲ್ವಾ? ಅವರ ಮೆಷಿನ್ ಬೇರೆ, ಕಿಟ್ ಬೇರೆ. ಅಲ್ಲಿಯ ನಲ್ವತ್ತೊಂದನ್ನು ಇಲ್ಲಿಯ ಹನ್ನೆರಡರ ಪಕ್ಕ ಇಟ್ಟು ನೋಡ್ಲಿಕ್ಕೆ ಆಗುದಿಲ್ಲ."

ಗಂಡ ತನ್ನ ಕಾಲಿನ ಹೆಬ್ಬೆರಳು ನೋಡಿದರು. ಇಪ್ಪತ್ತಾರು ವರ್ಷ ಟೇಪು ಹಿಡಿದ ನನಗೂ ಬುದ್ಧಿ ಇರಲಿಲ್ಲ. ಬೇರೆ ಟೈಲರ್ ತೆಗೆದ ಅಳತೆಗೆ ನಾನು ಯಾವತ್ತೂ ಬಟ್ಟೆ ಕತ್ತರಿಸಿದವಳಲ್ಲ. ನನ್ನ ಟೇಪಿನಲ್ಲಿ ನಾನೇ ಅಳೆಯಬೇಕು. ಅಷ್ಟು ಗೊತ್ತಿದ್ದೂ ಆ ಕಾಗದ ನಂಬಿ ಮೂರು ದಿನ ಹೆದರಿದೆ.

ಅಲ್ಲೇ ಮತ್ತೆ ರಕ್ತ ಕೊಟ್ಟೆ. ಮಧ್ಯಾಹ್ನದ ಮೇಲೆ ಬಂತು. ಹತ್ತೊಂಬತ್ತು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಊಟ ಸೇರ್ತದಾ, ನಿದ್ದೆ ಉಂಟಾ ಕೇಳಿದರು. ಎಲ್ಲ ಸರಿ ಇತ್ತು.

"ಹನ್ನೆರಡು ಹತ್ತೊಂಬತ್ತು ಆದ್ರೆ ಎಂತ ಅರ್ಥ ಡಾಕ್ಟ್ರೇ?"

"ಏನೂ ಅಲ್ಲದೆಯೂ ಇರ್ಬಹುದು. ವಾಪಸು ಬರುವ ಶುರುವೂ ಇರ್ಬಹುದು. ಇಷ್ಟರಲ್ಲಿ ನನಗೆ ಗೊತ್ತಾಗುದಿಲ್ಲಮ್ಮ. ಮೂರು ತಿಂಗಳು ಬಿಟ್ಟು ಬನ್ನಿ. ನಡುವೆ ಹೊಟ್ಟೆ ಉಬ್ಬಿದ್ರೆ, ಊಟ ಸೇರದಿದ್ರೆ ಮಾತ್ರ ಕಾಯ್ಬೇಡಿ, ಸೀದಾ ಬನ್ನಿ."

ಈ ಒಂದೂವರೆ ವರ್ಷದಲ್ಲಿ ಗೊತ್ತಿಲ್ಲ ಅಂದವರು ಅವರೊಬ್ಬರೇ. ಆ ಮಾತಿಗೆ ನನಗೆ ಎದ್ದು ಕೈಮುಗಿಯಬೇಕು ಅನಿಸಿತು. ಕೈಮುಗಿದೆ ಕೂಡ. ಅವರಿಗೆ ಯಾಕೆ ಅಂತ ಅರ್ಥ ಆಗಿರಲಿಕ್ಕಿಲ್ಲ.

ಮನೆಗೆ ಬಂದು ಮಗಳ ಹತ್ತಿರ ಎಲ್ಲವನ್ನೂ ಹೇಳಿದೆ, ಶುರುವೂ ಇರಬಹುದು ಅನ್ನುವುದನ್ನೂ ಬಿಡಲಿಲ್ಲ. "ನಾನು ಇದ್ದರೂ ಇಲ್ಲದಿದ್ದರೂ ನೀನು ಪರೀಕ್ಷೆ ಬರಿ. ಮದುವೆ ನನ್ನ ರಕ್ತ ನೋಡಿ ಆಗುವುದಲ್ಲ" ಅಂದೆ. ಅವಳು ನನ್ನ ಎದುರೇ ಅಡೂರಿಗೆ ವಾಪಸಾಗಿದ್ದ ತನ್ನ ಅತ್ತೆಗೆ ಫೋನು ಮಾಡಿ ಮದುವೆ ಬೇಡ ಅಂದಳು. ಮರುದಿನ ಹಾಸ್ಟೆಲಿಗೆ ಹೋದಳು.

ಅತ್ತಿಗೆಗೆ ಸಮಾಧಾನ ಆಗಲಿಲ್ಲ. ಸಂಜೆ ನನಗೆ ಫೋನು.

"ಎಷ್ಟು ಬಂತು ಹೇಳು."

"ಮೂವತ್ತಾರು."

"ಅಯ್ಯೋ, ಮೂವತ್ತೈದಕ್ಕಿಂತ ಒಂದು ಜಾಸ್ತಿ ಅಲ್ವಾ?"

"ಅದು ನನ್ನ ಸೊಂಟ ಅತ್ತಿಗೆ. ಈಗಷ್ಟೇ ಅಳತೆ ತೆಗೆದೆ" ಅಂತ ಹೇಳಿ ಫೋನು ಇಟ್ಟೆ.

ಸುಳ್ಳಲ್ಲ, ಟೇಪು ಕುತ್ತಿಗೆಯಲ್ಲೇ ಇತ್ತು. ಹಸಿರು ಕಾಟನ್ ಒಂದು ತುಂಡು ತುಂಬ ದಿನದಿಂದ ಅಂಗಡಿಯಲ್ಲಿ ಬಿದ್ದಿತ್ತು, ಅಮ್ಮ ಮಗಳಿಗೆ ಒಂದೊಂದು ಟಾಪು ಆಗುವಷ್ಟು. ಬೆರಳಿನ ಜೋಮು ಪೂರ್ತಿ ಹೋಗಿಲ್ಲ, ಎರಡು ದಿನ ಹಿಡಿಯಿತು. ನಿಶ್ಮಿತಾಳದ್ದಕ್ಕೆ ಒಳಗೆ ಎರಡಿಂಚು ಬಟ್ಟೆ ಬಿಟ್ಟಿದ್ದೇನೆ. ಅವಳು ದಪ್ಪ ಆಗಲಿ, ಬೇಕಾದಾಗ ಬಿಚ್ಚಿಕೊಳ್ಳಲಿ.

ನನ್ನದಕ್ಕೆ ಏನೂ ಬಿಡಲಿಲ್ಲ. ಬಿಗಿಯಾದರೆ ಈ ಸಲ ಬಿಚ್ಚಲಿಕ್ಕೆ ಆಗಬಾರದು.

ಇವತ್ತು ಬೆಳಿಗ್ಗೆ ಅದನ್ನೇ ಹಾಕಿಕೊಂಡು ಅಂಗಡಿಗೆ ಬಂದೆ. ಸದ್ಯಕ್ಕೆ ಸರಿಯಾಗಿ ಕೂತಿದೆ.